ಬಾಯಿ ತೆರೆದ ಬೋರುಗಳು ಮತ್ತು ಕಾನೂನಿನ ತಕ್ಕಡಿ

ನಂದೇಶ್ವರ, ಮಂಗಳವೇಢೆ, ಅಕ್ಕಲಕೋಟೆ, ದಕ್ಷಿಣ ಸೋಲಾಪುರ... ನಮ್ಮ ಈ ಗಡಿಭಾಗದ ಇತಿಹಾಸ ಬರೆಯುವುದೆಂದರೆ ನೀರಿನ ಇತಿಹಾಸ ಬರೆದಂತೆಯೇ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ್ದನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ನಮ್ಮ ಹೊಲಗಳಿಗೆ ಬಂದ ಕೊಳವೆ ಬಾವಿಯ ಕಥೆಯನ್ನು ಯಾರೂ ಹೇಳುವುದಿಲ್ಲ. ಆ ಕಥೆಗೆ ಒಂದು ಕಾನೂನಿನ ಕಥೆಯೂ ಹೆಣೆದುಕೊಂಡಿದೆ. 'ನಿರ್ಲಕ್ಷ್ಯ' ಎಂಬ ಮಾತನ್ನು ನಾವು ದಿನಾ ಬಳಸುತ್ತೇವಲ್ಲ, ಅದನ್ನು ನ್ಯಾಯಾಲಯ ಯಾವ ತಕ್ಕಡಿಯಲ್ಲಿ ತೂಗುತ್ತದೆ? ಇದನ್ನು ತಿಳಿದುಕೊಳ್ಳುವುದು ನಮ್ಮ ಶಾಲೆಗಳಿಗೂ ಪಾಲಕರಿಗೂ ಅಗತ್ಯವೆಂದು ನಮಗನಿಸುತ್ತದೆ.

ಬಾವಿಯಿಂದ ಬೋರಿಗೆ

ಹಿಂದೆ ನಮ್ಮಲ್ಲಿದ್ದದ್ದು ತೆರೆದ ಬಾವಿ. ಅಗಲವಾದ ಬಾಯಿ, ಕಲ್ಲಿನ ಕಟ್ಟೆ, ಇಳಿಯಲು ಮೆಟ್ಟಿಲು. ದೂರದಿಂದಲೇ ಕಣ್ಣಿಗೆ ಕಾಣುತ್ತಿತ್ತು. ಯಾರಾದರೂ ಬಿದ್ದರೆ ಹಗ್ಗ ಬಿಡಬಹುದಿತ್ತು, ಈಜು ಬಲ್ಲವರು ಧುಮುಕಬಹುದಿತ್ತು.

1972ರ ಬರಗಾಲ ಇದನ್ನೆಲ್ಲ ಬದಲಿಸಿತು. ಬಾವಿಗಳು ಬತ್ತಿದಾಗ ಕಪ್ಪು ಕಲ್ಲನ್ನು ಕೊರೆಯುವ ಯಂತ್ರಗಳು ಊರೂರಿಗೆ ಬಂದವು. ಕೊರೆದ ಬಾವಿಯಿಂದ ಕುಡಿಯುವ ನೀರೆತ್ತಲು ಗಟ್ಟಿಯಾದ ಕೈಪಂಪು ಬೇಕಾಗಿತ್ತು. ಅಂಥ ಒಂದು ಪಂಪು ತಯಾರಾದದ್ದು ನಮ್ಮ ಸೋಲಾಪುರದಲ್ಲೇ! 'ಸೋಲಾಪುರ ಪಂಪು' ಎಂದೇ ಹೆಸರಾದ ಅದನ್ನು ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ 'ಇಂಡಿಯಾ ಮಾರ್ಕ್-2' ಕೈಪಂಪು ರೂಪುಗೊಂಡಿತು. ಅದು ದೇಶ ದಾಟಿ ಆಫ್ರಿಕಾಕ್ಕೂ ಹೋಯಿತು.

ನಂತರ ನೀರಾವರಿಗೆಂದು ಹೊಲಹೊಲಕ್ಕೂ ಬೋರು ಬಂದಿತು. ನಮ್ಮ ನೆಲದ ಕೆಳಗಿನ ಕಲ್ಲಿನಲ್ಲಿ ನೀರು ಇರುವುದು ಬಿರುಕುಗಳಲ್ಲಿ. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಬರೀ ಧೂಳು. ನೀರು ಬೀಳದ ಬೋರಿನಿಂದ ಎಷ್ಟೋ ಜನ ಕೇಸಿಂಗ್ ಪೈಪನ್ನೂ ಕಿತ್ತು, ಮುಂದಿನ ಬೋರಿಗೆ ಇಟ್ಟುಕೊಳ್ಳುತ್ತಾರೆ. ಮೇಲಿನ ಮಣ್ಣು ಕುಸಿದು ತೂತಿನ ಬಾಯಿ ಅಗಲವಾಗುತ್ತದೆ. ಅದರ ಮೇಲೊಂದು ಗೋಣಿಚೀಲ, ಇಲ್ಲವೆ ಮುಳ್ಳಿನ ಕೊಂಪೆ. ಮಳೆ ಬಂದು ಹುಲ್ಲು ಬೆಳೆದರೆ ಅಲ್ಲಿ ತೂತಿದೆ ಎಂಬುದೇ ಮರೆತುಹೋಗುತ್ತದೆ. ದೊಡ್ಡವರು ಎಡವಿದರೆ ಒಂದು ಕಾಲು ಸಿಕ್ಕೀತು. ಎರಡು ವರ್ಷದ ಕೂಸು ಪೂರ್ತಿಯಾಗಿ ಒಳಗೆ ಹೋಗುತ್ತದೆ.

2006ರ ಜುಲೈನಲ್ಲಿ ಹರಿಯಾಣದ ಹಲ್ದಾಹೇಡಿಯಲ್ಲಿ ಐದು ವರ್ಷದ ಬಾಲಕನೊಬ್ಬನನ್ನು ಸುಮಾರು ಎರಡು ದಿನಗಳ ನಂತರ ಸೈನಿಕರು ಜೀವಂತ ಹೊರತೆಗೆದದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಆದರೆ 2014ರಲ್ಲಿ ಬಾದಾಮಿ ತಾಲೂಕಿನ ಸೂಳಿಕೇರಿಯ ಬಾಲಕ, 2017ರ ಏಪ್ರಿಲ್‌ನಲ್ಲಿ ಅಥಣಿ ತಾಲೂಕಿನ ಝುಂಜರವಾಡದ ಬಾಲಕಿ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಕೂಸನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಬದುಕಿಸಿ ತಂದಾಗ ಗಡಿಯ ಈಚೆಗಿದ್ದ ನಾವೂ ಉಸಿರು ಬಿಟ್ಟೆವು.

ತಕ್ಕಡಿ ಹುಟ್ಟಿದ ಬಗೆ

ಇನ್ನು ಕಾನೂನಿನ ಕಥೆಗೆ ಬರೋಣ. 1944ರ ಜನವರಿ. ಯುದ್ಧದ ಕಾಲ. ಅಮೆರಿಕದ ನ್ಯೂಯಾರ್ಕ್ ಬಂದರಿನಲ್ಲಿ ಹಿಟ್ಟು ತುಂಬಿದ 'ಅನ್ನಾ ಸಿ' ಎಂಬ ಸರಕು ದೋಣಿ ಕಟ್ಟು ಕಳಚಿ ತೇಲಿಹೋಗಿ, ಇನ್ನೊಂದು ಹಡಗಿಗೆ ತಾಗಿ, ತಳ ಒಡೆದು ಮುಳುಗಿತು. ಹಗ್ಗಗಳನ್ನು ಸರಿಪಡಿಸಲು ಹೋದವರ ತಪ್ಪು ಇತ್ತು, ನಿಜ. ಆದರೆ ದೋಣಿ ಕಾಯಬೇಕಾದವನೇ 21 ಗಂಟೆ ಅದರ ಮೇಲಿರಲಿಲ್ಲ! ಅವನಿದ್ದಿದ್ದರೆ ನೀರು ನುಗ್ಗಿದ್ದು ತಿಳಿದು ದೋಣಿ ಉಳಿಯುತ್ತಿತ್ತು. ಹಾಗಾದರೆ ದೋಣಿಯ ಮಾಲಕರದೂ ನಿರ್ಲಕ್ಷ್ಯವೇ?

1947ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅವರು ಇದಕ್ಕೆ ಬೀಜಗಣಿತದ ಉತ್ತರ ಕೊಟ್ಟರು. ಮೂರು ಸಂಗತಿಗಳನ್ನು ನೋಡಬೇಕು: ಅವಘಡ ಆಗುವ ಸಂಭವ ಎಷ್ಟು, ಆದರೆ ಹಾನಿ ಎಷ್ಟು, ತಡೆಯಲು ಬೇಕಾದ ಎಚ್ಚರಿಕೆಯ ಭಾರ ಎಷ್ಟು. ಮೊದಲ ಎರಡನ್ನು ಗುಣಿಸಿ. ಬಂದ ಗುಣಲಬ್ಧಕ್ಕಿಂತ ಎಚ್ಚರಿಕೆಯ ಭಾರ ಕಡಿಮೆಯಿದ್ದೂ ಅದನ್ನು ಕೈಗೊಳ್ಳದಿದ್ದರೆ ಅದೇ ನಿರ್ಲಕ್ಷ್ಯ. ಗದ್ದಲದ ಆ ಬಂದರಿನಲ್ಲಿ ಕೆಲಸದ ವೇಳೆ ಒಬ್ಬ ಕಾವಲುಗಾರನನ್ನು ಇಡುವುದು ದೊಡ್ಡ ಭಾರವಲ್ಲ ಎಂದು ತೀರ್ಪಾಯಿತು. ನಮ್ಮ ಏಳನೆಯ ಇಯತ್ತೆಯ ಮಕ್ಕಳಿಗೂ ತಿಳಿಯುವಂಥ ಲೆಕ್ಕವಿದು.

ಅದೇ 1947ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕ್ರಿಕೆಟ್ ಚೆಂಡೊಂದು ಮೈದಾನದ ಬೇಲಿ ಹಾರಿ ರಸ್ತೆಯಲ್ಲಿದ್ದ ಮಹಿಳೆಗೆ ಬಡಿಯಿತು. ಸುಮಾರು 30 ವರ್ಷಗಳಲ್ಲಿ ಚೆಂಡು ಹಾಗೆ ರಸ್ತೆಗೆ ಹೋದದ್ದು ಆರು ಸಲವಂತೆ. ಬೇಲಿಯೂ ಎತ್ತರವಿತ್ತು. ಅಪಾಯ ತೀರ ಚಿಕ್ಕದು, ಕ್ಲಬ್ಬಿನ ತಪ್ಪಿಲ್ಲ ಎಂದು 1951ರಲ್ಲಿ ಅಲ್ಲಿನ ಉನ್ನತ ನ್ಯಾಯಪೀಠ ಹೇಳಿತು.

ಹಾಗಾದರೆ 'ಅಪರೂಪಕ್ಕೆ ಆಗುವಂಥದ್ದು' ಎಂದರೆ ಎಲ್ಲರೂ ಪಾರಾಗಬಹುದೇ? ಇಲ್ಲ. ಅದೇ 1951ರಲ್ಲಿ ಆಸ್ಟ್ರೇಲಿಯದ ಸಿಡ್ನಿ ಬಂದರಿನಲ್ಲಿ 'ವ್ಯಾಗನ್ ಮೌಂಡ್' ಎಂಬ ಹಡಗಿನಿಂದ ಎಣ್ಣೆ ಸೋರಿ ನೀರಿನ ಮೇಲೆ ಹರಡಿತ್ತು. ಅಂಥ ಎಣ್ಣೆ ನೀರಿನ ಮೇಲೆ ಹೊತ್ತಿಕೊಳ್ಳುವುದು ಬಲು ಅಪರೂಪ, ಆದರೂ ಹೊತ್ತಿಕೊಂಡಿತು. 1966ರಲ್ಲಿ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪಿನ ಸಾರ ಇದು: ಅಪಾಯ ಚಿಕ್ಕದಾದರೂ, ತಡೆಯಲು ಕಷ್ಟವೂ ಇಲ್ಲ, ಖರ್ಚೂ ಇಲ್ಲ ಎಂದಾಗ ಅದನ್ನು ಕಡೆಗಣಿಸುವಂತಿಲ್ಲ.

ನಮ್ಮ ದೇಶದಲ್ಲೂ ಅದೇ ವರ್ಷ, 1966ರಲ್ಲಿ, ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಮೂವರು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಗೋಪುರಕ್ಕೆ 80 ವರ್ಷ, ಅದರ ಗಾರೆಯ ಆಯುಷ್ಯ 40-45 ವರ್ಷ. ಒಳಗಿನ ದೋಷ ಕಾಣಲಿಲ್ಲ ಎಂಬ ನೆಪ ನಡೆಯಲಿಲ್ಲ. ಜನ ಓಡಾಡುವ ಕಡೆ ಇರುವ ಹಳೆಯ ಕಟ್ಟಡವನ್ನು ಪರೀಕ್ಷಿಸುತ್ತಿರುವುದು ಮಾಲಕನ ಹೊಣೆ.

ಬೋರಿನ ಲೆಕ್ಕ

ಈಗ ಈ ತಕ್ಕಡಿಯಲ್ಲಿ ನಮ್ಮ ಹೊಲದ ಬೋರನ್ನು ಇಡೋಣ. ಒಂದು ಪರಡಿಯಲ್ಲಿ ಕಬ್ಬಿಣದ ಮುಚ್ಚಳ, ಇಲ್ಲವೆ ತೂತು ತುಂಬುವಷ್ಟು ಕಲ್ಲುಮಣ್ಣು. ಬೋರು ಕೊರೆಸಿದ ಖರ್ಚಿನ ಮುಂದೆ ಅದು ಏನೇನೂ ಅಲ್ಲ. ಇನ್ನೊಂದು ಪರಡಿಯಲ್ಲಿ ಒಂದು ಕೂಸಿನ ಜೀವ. ಜೀವಕ್ಕೆ ಬೆಲೆ ಕಟ್ಟುವುದು ಹೇಗೆ ಎಂದು ಕೆಲವರು ಈ ಸೂತ್ರವನ್ನೇ ಆಕ್ಷೇಪಿಸುತ್ತಾರೆ. ಆಕ್ಷೇಪ ಸರಿಯಾದದ್ದೇ. ಆದರೆ ಇಲ್ಲಿ ಬೆಲೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಮೊದಲ ಪರಡಿ ಅಷ್ಟು ಹಗುರ!

ಹಾಗಿದ್ದರೂ ಬೋರುಗಳು ಏಕೆ ತೆರೆದಿರುತ್ತವೆ? ನಮಗೆ ಕಾಣುವ ಕಾರಣ ಇದು. 'ನಮ್ಮ ಹೊಲಕ್ಕೆ ಯಾರ ಮಕ್ಕಳು ಬರುತ್ತಾರೆ?' ಎಂದು ಪ್ರತಿಯೊಬ್ಬನೂ ತನ್ನ ಒಂದು ಬೋರಿನ ಸಂಭವವನ್ನಷ್ಟೇ ನೋಡುತ್ತಾನೆ. ಊರಿನ, ತಾಲೂಕಿನ, ನಾಡಿನ ಎಲ್ಲ ಬೋರುಗಳನ್ನು ಕೂಡಿಸಿ ನೋಡುವುದಿಲ್ಲ. ಮುಚ್ಚಳದ ದುಡ್ಡು ಉಳಿಯುವುದು ಒಬ್ಬನ ಕಿಸೆಯಲ್ಲಿ, ನಷ್ಟ ಆಗುವುದು ಎಷ್ಟೋ ಸಲ ಇನ್ನೊಬ್ಬರ ಮನೆಯಲ್ಲಿ. ಕಬ್ಬು ಕಡಿಯಲು, ಕಳೆ ತೆಗೆಯಲು ಬಂದ ಕೂಲಿಯವರ ಕೂಸಿಗೆ ಆ ಹೊಲದಲ್ಲಿ ಎಲ್ಲಿ ತೂತಿದೆ ಎಂದು ಹೇಗೆ ಗೊತ್ತಾಗಬೇಕು? ಅದಕ್ಕೇ ತಕ್ಕಡಿಯನ್ನು ಹೊಲದವನ ಕೈಗಷ್ಟೇ ಬಿಡದೆ ಕಾನೂನು ತಾನು ಹಿಡಿಯಬೇಕಾಗುತ್ತದೆ.

2010ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಮಾಡಿದ್ದು ಅದನ್ನೇ. ಅವಘಡ ಆದ ಮೇಲೆ ತೂಗುವುದಲ್ಲ, ಆಗುವ ಮೊದಲೇ ಏನು ಮಾಡಬೇಕೆಂದು ಅದು ವಿಧಿಸಿತು. ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವ ಸಂಸ್ಥೆ ನೋಂದಣಿಯಾಗಿರಬೇಕು. ಕೆಲಸದ ಜಾಗದಲ್ಲಿ ಮಾಲಕನ ಮತ್ತು ಸಂಸ್ಥೆಯ ವಿಳಾಸದ ಫಲಕ, ಸುತ್ತ ತಂತಿ ಬೇಲಿ ಇರಬೇಕು. ಕೇಸಿಂಗ್ ಪೈಪಿನ ಸುತ್ತ ನೆಲದ ಮೇಲೆ 30 ಸೆಂ.ಮೀ., ಕೆಳಗೆ 30 ಸೆಂ.ಮೀ. ಸಿಮೆಂಟ್ ಕಟ್ಟೆ ಬೇಕು. ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಗಡು ಅಥವಾ ನಟ್ಟು-ಬೋಲ್ಟಿನ ಗಟ್ಟಿ ಮುಚ್ಚಳ ಬೇಕು. ಪಂಪು ದುರಸ್ತಿಗೆ ತೆಗೆದಾಗಲೂ ತೆರೆದಿಡಬಾರದು. ಕೈಬಿಟ್ಟ ಬೋರನ್ನು ತಳದಿಂದ ನೆಲದ ಮಟ್ಟದವರೆಗೂ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಅದೇ ವರ್ಷ ಆಗಸ್ಟ್ 6ರಂದು ಈ ಆದೇಶಕ್ಕೆ ತಿದ್ದುಪಡಿಯೂ ಆಯಿತು.

ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಹಳೆಯ ದಂಡ ಸಂಹಿತೆಯ 304-ಎ ಕಲಮಿನಲ್ಲಿ ಎರಡು ವರ್ಷದವರೆಗೆ ಸಜೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು ಐದು ವರ್ಷದವರೆಗೆ ಏರಿಸಿದೆ. ಆದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಸಜೆಯಿಂದ ಕೂಸು ಮರಳಿ ಬರುವುದಿಲ್ಲ.

ಶಿಕ್ಷಕ ಬಂಧುಗಳೇ, ಪಾಲಕರೇ, ಈ ಲೆಕ್ಕವನ್ನು ಒಮ್ಮೆ ಗಣಿತದ ತಾಸಿನಲ್ಲಿ ಫಲಕದ ಮೇಲೆ ಬರೆಯೋಣ. ತಮ್ಮ ವಸ್ತಿಯ ಸುತ್ತ ತೆರೆದ ಬೋರು ಎಲ್ಲಿದೆ ಎಂದು ಮಕ್ಕಳನ್ನು ಕೇಳೋಣ. ಹತ್ತಿರ ಹೋಗದೆ ದೊಡ್ಡವರಿಗೆ ತಿಳಿಸಲು ಅವರಿಗೆ ಕಲಿಸೋಣ. ಆ ಪಟ್ಟಿಯನ್ನು ಸರಪಂಚರಿಗೂ ತಲಾಠಿಯವರಿಗೂ ಬರಹದಲ್ಲಿ ಕೊಡೋಣ. ಇದಕ್ಕೆ ತಗಲುವ ಖರ್ಚು ಒಂದು ಹಾಳೆ, ಅರ್ಧ ತಾಸು.