ಬೀಟೆಯ ರಹದಾರಿ

ಆನಂದಪುರದ ಸುತ್ತಣ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ಬೀಟೆಮರ ಚಿರಪರಿಚಿತ. ರಹದಾರಿಯಿಲ್ಲದೆ ಅದರ ದಿಮ್ಮಿ ಸಾಗದೆಂಬುದೂ ವಿದಿತವೇ. ಈ ಮರದ ಕುಲಕ್ಕೆ ದೇಶಾಂತರದ ರಹದಾರಿಯೂ ಅಗತ್ಯವಾದಾಗ ಅದರ ಬಿಸಿ ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದಗಳಿಗೆ ತಟ್ಟಿದ ಬಗೆ ವಿಚಾರಾರ್ಹವಾದುದು.

ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು ಬ್ರೆಜಿಲ್ ದೇಶದ ಬೀಟೆಯನ್ನು 1992ರಲ್ಲೇ ಅತ್ಯಂತ ಕಠಿಣವಾದ ಪಟ್ಟಿಗೆ ಸೇರಿಸಿತ್ತು. 2016ರ ಜೋಹಾನ್ಸ್‌ಬರ್ಗ್ ಸಮ್ಮೇಳನವು, ಮುಖ್ಯವಾಗಿ ಚೀನದ ಪೀಠೋಪಕರಣಗಳ ಬೇಡಿಕೆಯಿಂದ ಕಾಡುಗಳು ಬರಿದಾಗುವುದನ್ನು ಕಂಡು, ಡಾಲ್ಬರ್ಜಿಯ ಕುಲವನ್ನೆಲ್ಲ ನಿಯಂತ್ರಣಕ್ಕೆ ಒಳಪಡಿಸಿತು. 2017ರ ಜನವರಿ 2ರಂದು ನಿಯಮ ಜಾರಿಗೆ ಬಂದಿತು. ನಮ್ಮ ಮಲೆನಾಡಿನ ಬೀಟೆ ಈ ಕುಲದ್ದೇ. ಪಿಟೀಲಿನ ಬಿರಡೆಗಳಿಗೆ ಬೀಟೆಯನ್ನು ಬಳಸುವುದುಂಟು; ಕ್ಲಾರಿನೆಟ್, ಓಬೋಗಳ ಕೊಳವೆಯಂತೂ ಸಾಮಾನ್ಯವಾಗಿ ಇದೇ ಕುಲದ ಆಫ್ರಿಕದ ಕರಿಯ ಗಟ್ಟಿಮರದ್ದು.

ವ್ಯಾಪಾರಾರ್ಥವಲ್ಲದ ಸಾಗಣೆಗೆ 10 ಕಿಲೋಗ್ರಾಮಿನವರೆಗೆ ವಿನಾಯಿತಿಯಿದ್ದಿತು. ಕೈಯಲ್ಲಿ ಕ್ಲಾರಿನೆಟ್ ಹಿಡಿದು ಹೊರಟವನಿಗೆ ಇದು ಧಾರಾಳವಾಯಿತು. ಆದರೆ ಇಡೀ ವೃಂದದ ವಾದ್ಯಗಳು ಒಂದೇ ಸರಕಾಗಿ ಹೊರಟರೆ ಮರದ ತೂಕವನ್ನು ಒಟ್ಟುಗೂಡಿಸಬೇಕೋ, ಬಿಡಿಬಿಡಿಯಾಗಿ ಎಣಿಸಬೇಕೋ? ಈ ತೊಡಕು ಸಾಮಾನ್ಯವಾದುದಲ್ಲ. ಅನುಮತಿಪತ್ರವಿಲ್ಲದೆ ವಾದ್ಯವು ಸುಂಕದ ಕಟ್ಟೆಯಲ್ಲಿ ನಿಂತರೆ ಸಂಗೀತ ಕಚೇರಿಯೇ ನಿಲ್ಲಬೇಕಾಗುವುದು. ಕಾಡನ್ನು ಬರಿದುಮಾಡಿದುದು ಮಂಚ ಕುರ್ಚಿಗಳ ವ್ಯಾಪಾರ. ಲೆಕ್ಕ ಒಪ್ಪಿಸಬೇಕಾದವನು ಓಬೋ ವಾದಕ! ಮರ ಉಳಿಯಲೆಂಬ ಕಾಯಿದೆಯನ್ನು ಮಲೆನಾಡಿನವರು ದೂರುವಂತಿಲ್ಲ. ಅದರ ಅಳತೆಗೋಲು ಮಾತ್ರ ಒರಟಾಗಿದ್ದಿತು.

2019ರ ಜಿನೀವಾ ಸಮ್ಮೇಳನವು ಸಿದ್ಧವಾದ ವಾದ್ಯಗಳನ್ನೂ ಅವುಗಳ ಬಿಡಿಭಾಗಗಳನ್ನೂ ನಿಯಮದಿಂದ ಹೊರಗಿಟ್ಟಿತು. ಬ್ರೆಜಿಲಿನ ಬೀಟೆಗೆ ಈ ರಿಯಾಯಿತಿ ದೊರೆಯಲಿಲ್ಲ. ಆ ವರ್ಷದ ನವೆಂಬರ್ 26ರಂದು ತಿದ್ದುಪಡಿ ಜಾರಿಗೆ ಬಂದಿತು. ಹದಿನಾಲ್ಕು ತಿಂಗಳು ತುಂಬುವ ಮೊದಲೇ ರಹದಾರಿಯ ಪ್ರಶ್ನೆ ಮರದಿಂದ ಮನುಷ್ಯರತ್ತ ತಿರುಗಿತು. ಯೂರೋಪಿನ ಒಕ್ಕೂಟವನ್ನು ತೊರೆದ ಬ್ರಿಟನ್ನಿನ ವಾದಕರಿಗೆ 2021ರ ಜನವರಿ 1ರಿಂದ ಷೆಂಗೆನ್ ದೇಶಗಳಲ್ಲಿ 180 ದಿನಗಳಿಗೆ 90 ದಿನಗಳ ವಾಸದ ಮಿತಿ ಬಿದ್ದಿತು. ಕೆಲವು ದೇಶಗಳಲ್ಲಿ ನುಡಿಸುವುದಕ್ಕೆ ಪ್ರತ್ಯೇಕ ಪರವಾನಗಿಯೂ ಬೇಕಾಯಿತು.