ಮೆಮೊರಿ ಕ್ಯಾಶ್ ಮಾಹಿತಿಯ ನಿರ್ಬಂಧ

ಮೆಮೊರಿ ಕ್ಯಾಶ್ ಮಾಹಿತಿಯ ನಿರ್ಬಂಧ ಎಂಬುದು ಗಣಕದ ಕಾರ್ಯಾಚರಣ ವ್ಯವಸ್ಥೆಯು ತನ್ನ ಮೆಮೊರಿಯಲ್ಲಿ ಏನನ್ನು, ಎಷ್ಟು ಪ್ರಮಾಣದಲ್ಲಿ ಇರಿಸಿಕೊಂಡಿದೆ ಎಂಬ ವಿವರವು ಎಲ್ಲ ಬಳಕೆದಾರರಿಗೂ ಕಾಣದಂತೆ ಮಾಡುವ ಭದ್ರತಾ ಕ್ರಮವಾಗಿದೆ. ಇಲ್ಲಿ ಮರೆಮಾಡುವುದು ಕಡತಗಳ ಒಳಗಿನ ವಿಷಯವನ್ನಲ್ಲ, ಅವುಗಳ ಬಳಕೆಯ ಲೆಕ್ಕವನ್ನು ಮಾತ್ರ. ಬರಿಯ ಲೆಕ್ಕದಿಂದ ಯಾರಿಗೇನು ಹಾನಿ ಎಂಬ ಪ್ರಶ್ನೆ ಸಹಜವಾದುದು. ಲಿನಕ್ಸ್ ಅಭಿವೃದ್ಧಿಕಾರರಲ್ಲಿಯೂ ಈ ಬಗ್ಗೆ ವಾದ ನಡೆದಿತ್ತು.

ಕ್ಯಾಶ್ ಎಂದರೇನು

ಡಿಸ್ಕಿನಿಂದ ಮಾಹಿತಿಯನ್ನು ಓದುವುದು ಮೆಮೊರಿಯಿಂದ ಓದುವುದಕ್ಕಿಂತ ಬಹಳ ನಿಧಾನ. ಆದ್ದರಿಂದ ಒಮ್ಮೆ ಓದಿದ ಕಡತದ ಭಾಗಗಳನ್ನು ಕಾರ್ಯಾಚರಣ ವ್ಯವಸ್ಥೆಯು ಮೆಮೊರಿಯಲ್ಲಿಯೇ ಉಳಿಸಿಕೊಳ್ಳುತ್ತದೆ. ಇದು ಪುಟ ಕ್ಯಾಶ್. ಒಂದು ಪುಟದ ಗಾತ್ರ ಸಾಮಾನ್ಯವಾಗಿ ೪ ಕಿಲೋಬೈಟ್. ಇದಲ್ಲದೆ, ವ್ಯವಸ್ಥೆಯ ತಿರುಳಾದ ಕರ್ನಲ್ ತನ್ನ ಸ್ವಂತ ಕೆಲಸಕ್ಕೆ ಬೇಕಾದ ಚಿಕ್ಕಪುಟ್ಟ ದಾಖಲೆಗಳಿಗಾಗಿ ಸ್ಲ್ಯಾಬ್ ಎಂಬ ಮತ್ತೊಂದು ಬಗೆಯ ಸಂಗ್ರಹವನ್ನು ಇಟ್ಟುಕೊಂಡಿರುತ್ತದೆ. ಸ್ಲ್ಯಾಬ್ ವಿಧಾನವನ್ನು ರೂಪಿಸಿದವರು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಜೆಫ್ ಬಾನ್ವಿಕ್. ೧೯೯೪ರಲ್ಲಿ ಅವರು ಪ್ರಕಟಿಸಿದ ಈ ವಿಧಾನವನ್ನು ಮುಂದೆ ಲಿನಕ್ಸ್ ಕೂಡ ಅಳವಡಿಸಿಕೊಂಡಿತು.

ಸ್ಲ್ಯಾಬ್ ಮಾಹಿತಿ

ಸ್ಲ್ಯಾಬನ್ನು ಅಂಗಡಿಯ ಮೊಟ್ಟೆಯ ಟ್ರೇಗೆ ಹೋಲಿಸಬಹುದು. ಒಂದೇ ಅಳತೆಯ ಕುಳಿಗಳಿರುವ ಟ್ರೇಗಳು ಒಂದು ಬಗೆಯ ವಸ್ತುವಿಗೆ ಮೀಸಲು. ಒಂದು ಟ್ರೇ ತುಂಬಿದ ಮೇಲೆ ಹೊಸದು ಬರುತ್ತದೆ. ಲಿನಕ್ಸ್‌ನಲ್ಲಿ ಸ್ಲ್ಯಾಬ್‌ಇನ್ಫೋ ಎಂಬ ಕಡತವು ಪ್ರತಿಯೊಂದು ಬಗೆಯಲ್ಲಿ ಎಷ್ಟು ಟ್ರೇಗಳಿವೆ, ಎಷ್ಟು ಕುಳಿಗಳು ತುಂಬಿವೆ ಎಂಬುದನ್ನು ಆ ಕ್ಷಣದ ಲೆಕ್ಕದಂತೆ ತೋರಿಸುತ್ತದೆ. ಮೊದಲು ಈ ಕಡತವನ್ನು ಗಣಕದ ಯಾವುದೇ ಬಳಕೆದಾರ ಓದಬಹುದಾಗಿತ್ತು.

ಕರ್ನಲ್‌ನಲ್ಲಿ ಒಂದು ದೋಷವಿದ್ದು, ಒಂದು ಕುಳಿಗೆ ಬರೆಯಬೇಕಾದುದು ಉಕ್ಕಿ ಪಕ್ಕದ ಕುಳಿಗೂ ಹರಿಯುತ್ತದೆ ಎಂದುಕೊಳ್ಳೋಣ. ದಾಳಿಕಾರನಿಗೆ ಇದರಿಂದ ಪ್ರಯೋಜನವಾಗಬೇಕಾದರೆ ಆ ಪಕ್ಕದ ಕುಳಿಯಲ್ಲಿ ತಾನು ಆರಿಸಿದ ವಸ್ತುವೇ ಇರಬೇಕು. ಹಳೆಯ ಟ್ರೇಗಳಲ್ಲಿ ಖಾಲಿ ಕುಳಿಗಳು ಅಲ್ಲಲ್ಲಿ ಚದುರಿರುವುದರಿಂದ ಪಕ್ಕದಲ್ಲಿ ಯಾವುದು ಬರುವುದೆಂದು ಹೇಳಲಾಗದು. ಆದರೆ ಆತನು ವಸ್ತುಗಳನ್ನು ಸೃಷ್ಟಿಸುತ್ತಾ ಹಳೆಯ ಕುಳಿಗಳನ್ನೆಲ್ಲ ತುಂಬಿಸಿ, ಹೊಸ ಟ್ರೇ ತೆರೆದ ಕ್ಷಣವನ್ನು ತಿಳಿದರೆ, ಮುಂದಿನ ವಸ್ತುಗಳು ಸಾಲಾಗಿ ಕೂರುತ್ತವೆ. ಆ ಕ್ಷಣವನ್ನು ತಿಳಿಸಿಕೊಡುತ್ತಿದ್ದುದು ಸ್ಲ್ಯಾಬ್‌ಇನ್ಫೋ.

೨೦೧೧ರ ಮಾರ್ಚಿನಲ್ಲಿ ಭದ್ರತಾ ಸಂಶೋಧಕ ಡ್ಯಾನ್ ರೋಸೆನ್‌ಬರ್ಗ್ ಈ ಕಡತವನ್ನು ಮೂಲ ನಿರ್ವಾಹಕ, ಅಂದರೆ ರೂಟ್ ಬಳಕೆದಾರ ಮಾತ್ರ ಓದುವಂತಾಗಬೇಕೆಂದು ಸೂಚಿಸಿದರು. ದೋಷ ಹುಡುಕುವ ಕೆಲಸಕ್ಕೆ ಈ ಅಂಕಿಗಳು ಬೇಕು, ಇದನ್ನು ಮುಚ್ಚಿದರೂ ದಾಳಿಕಾರನು ಲೆಕ್ಕ ನೋಡದೆ ಸಾವಿರಾರು ವಸ್ತುಗಳನ್ನು ಸುರಿದು ಅದೇ ಫಲ ಪಡೆಯಬಲ್ಲನು ಎಂಬ ಆಕ್ಷೇಪಗಳು ಬಂದವು. ಎರಡನೆಯ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೂ ಊಹಿಸಿ ಮಾಡುವ ದಾಳಿ ತಪ್ಪಿದರೆ ಗಣಕವೇ ಸ್ತಬ್ಧವಾಗಿ ಗುಟ್ಟು ಬಯಲಾಗುವ ಸಂಭವವುಂಟು. ಲೆಕ್ಕ ನೋಡಿ ಮಾಡುವ ದಾಳಿಯಲ್ಲಿ ಆ ಭಯ ಕಡಿಮೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಸಿಲಿ ಕುಲಿಕೋವ್ ಮತ್ತೆ ಮಂಡಿಸಿದ ತಿದ್ದುಪಡಿಯು ಅಂಗೀಕೃತವಾಯಿತು. ಕುಳಿಗಳನ್ನು ಹಂಚುವ ಕ್ರಮವನ್ನೇ ಅಡ್ಡಾದಿಡ್ಡಿಗೊಳಿಸುವ ಸೌಲಭ್ಯವು ೨೦೧೬ರಲ್ಲಿ ಸೇರಿತು.

ಪುಟ ಕ್ಯಾಶ್ ಮೂಲಕ ಬೇಹುಗಾರಿಕೆ

ಪುಟ ಕ್ಯಾಶ್‌ನ ಅಪಾಯವು ಬೇರೆ ಬಗೆಯದು. ಗ್ರಂಥಾಲಯದಲ್ಲಿ ಓದುಗರು ಕಪಾಟಿನಿಂದ ತೆಗೆದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಾರೆ. ಮೇಜನ್ನು ನೋಡಿದವನಿಗೆ ಓದುಗ ಯಾರು, ಏನನ್ನು ಬರೆದುಕೊಂಡ ಎಂಬುದು ತಿಳಿಯದು. ಆದರೆ ಯಾವ ಪುಸ್ತಕ ಈಗಷ್ಟೇ ಬಳಕೆಯಾಯಿತು ಎಂಬುದು ತಿಳಿಯುತ್ತದೆ. ಪುಸ್ತಕವನ್ನು ಮತ್ತೆ ಕಪಾಟಿಗೆ ಸೇರಿಸಿ ಕಾದು ಕುಳಿತರೆ, ಅದು ಇನ್ನೊಮ್ಮೆ ಹೊರಬಂದ ಹೊತ್ತೂ ತಿಳಿಯುತ್ತದೆ. ಲಿನಕ್ಸ್‌ನ ಮಿನ್‌ಕೋರ್ ಎಂಬ ಕರೆಯು ಒಂದು ಕಡತದ ಯಾವ ಪುಟಗಳು ಮೆಮೊರಿಯಲ್ಲಿವೆ ಎಂದು ಕೇಳಿದವರಿಗೆಲ್ಲ ಉತ್ತರಿಸುತ್ತಿತ್ತು. ವಿಂಡೋಸ್‌ನಲ್ಲಿಯೂ ಇಂತಹ ಕರೆಯೊಂದಿತ್ತು.

ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಡೇನಿಯಲ್ ಗ್ರುಸ್ ಹಾಗೂ ಸಂಗಡಿಗರು ೨೦೧೯ರ ಜನವರಿಯಲ್ಲಿ ಪ್ರಕಟಿಸಿದ ಸಂಶೋಧನೆಯು ಈ ಕರೆಗಳಿಂದ ಮತ್ತೊಬ್ಬರು ಕೀಲಿ ಒತ್ತುವ ಸಮಯಗಳನ್ನು ಗುರುತಿಸಬಹುದೆಂದು ತೋರಿಸಿತು. ಕೀಲಿ ಒತ್ತಿದಾಗ ಅದಕ್ಕೆ ಸಂಬಂಧಿಸಿದ ತಂತ್ರಾಂಶದ ಪುಟವೊಂದು ಮೆಮೊರಿಗೆ ಬರುತ್ತದೆ. ಆ ಪುಟವನ್ನು ಹೊರದೂಡುತ್ತಾ ನೋಡುತ್ತಾ ಇದ್ದರೆ ಸಾಕು. ಒಂದು ನೋಟಕ್ಕೆ ಲಿನಕ್ಸ್‌ನಲ್ಲಿ ೨ ಮೈಕ್ರೊಸೆಕೆಂಡು, ವಿಂಡೋಸ್ ೧೦ರಲ್ಲಿ ೪೬೬ ನ್ಯಾನೊಸೆಕೆಂಡು ಸಾಲುತ್ತಿತ್ತು. ಆದರೆ ಪುಟವನ್ನು ಹೊರದೂಡಲು ಹೊತ್ತು ಹಿಡಿಯುವುದರಿಂದ ಸೆಕೆಂಡಿಗೆ ಲಿನಕ್ಸ್‌ನಲ್ಲಿ ೬.೭, ವಿಂಡೋಸ್‌ನಲ್ಲಿ ೨೨೩ ಅಳತೆಗಳು ಮಾತ್ರ ಸಾಧ್ಯವಾದವು. ಸಾಮಾನ್ಯ ವೇಗದ ಬೆರಳಚ್ಚನ್ನು ಹಿಂಬಾಲಿಸಲು ಇದು ಸಾಲದೆಂದು ಹೇಳಲಾಗದು. ಯಾವ ಅಕ್ಷರ ಎಂಬುದು ನೇರವಾಗಿ ಕಾಣದಿದ್ದರೂ, ಕೀಲಿಗಳ ನಡುವಿನ ಅಂತರಗಳು ಗುಪ್ತಪದದ ಊಹೆಗೆ ನೆರವಾಗುತ್ತವೆ.

ಪರಿಹಾರ ಸುಲಭವಾಗಿರಲಿಲ್ಲ. ಲೈನಸ್ ಟೊರ್ವಾಲ್ಡ್ಸ್ ೨೦೧೯ರ ಜನವರಿಯಲ್ಲಿ ಮಿನ್‌ಕೋರ್‌ನ ವರ್ತನೆಯನ್ನೇ ಬದಲಾಯಿಸಿದರು. ಈ ಮಾಹಿತಿಯನ್ನು ನ್ಯಾಯವಾಗಿ ಬಳಸುತ್ತಿದ್ದ ತಂತ್ರಾಂಶಗಳು ಕೆಟ್ಟಿದ್ದರಿಂದ ಆ ಬದಲಾವಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ವರ್ಷ ಲಿನಕ್ಸ್ ೫.೨ರಲ್ಲಿ ಮಧ್ಯಮ ಮಾರ್ಗವೊಂದು ಬಂದಿತು. ಕೇಳಿದವನು ಕಡತದ ಒಡೆಯನಾಗಿದ್ದರೆ ಅಥವಾ ಅದರಲ್ಲಿ ಬರೆಯುವ ಅನುಮತಿ ಪಡೆದಿದ್ದರೆ ನಿಜವಾದ ಉತ್ತರ. ಉಳಿದವರಿಗೆ ‘ಎಲ್ಲ ಪುಟಗಳೂ ಮೆಮೊರಿಯಲ್ಲಿವೆ’ ಎಂಬ ಒಂದೇ ಉತ್ತರ. ಇಲ್ಲವೆಂದು ನಿರಾಕರಿಸಿದ್ದರೆ ಹಳೆಯ ತಂತ್ರಾಂಶಗಳು ನಿಂತುಹೋಗುತ್ತಿದ್ದವು. ಈ ಹುಸಿ ಉತ್ತರದಿಂದ ಅವು ನಡೆಯುತ್ತವೆ, ಬೇಹುಗಾರನಿಗೆ ಏನೂ ಸಿಗದು. ಮೈಕ್ರೋಸಾಫ್ಟ್ ಕೂಡ ತನ್ನ ಕರೆಗೆ ಹೆಚ್ಚಿನ ಅನುಮತಿಯನ್ನು ಕಡ್ಡಾಯಗೊಳಿಸಿತು.

೨೦೨೩ರಲ್ಲಿ ಲಿನಕ್ಸ್ ೬.೫ಕ್ಕೆ ಕ್ಯಾಶ್‌ಸ್ಟ್ಯಾಟ್ ಎಂಬ ಹೊಸ ಕರೆ ಸೇರಿದಾಗ ಅದೇ ಮಾಹಿತಿ ಮತ್ತೆ ಎಲ್ಲರಿಗೂ ತೆರೆದುಕೊಂಡಿತು. ಮಿನ್‌ಕೋರ್‌ನ ನಿಯಮವನ್ನು ಇದಕ್ಕೂ ಅನ್ವಯಿಸಿದ್ದು ೨೦೨೫ರ ಜನವರಿಯಲ್ಲಿ.

ಹಂಚಿಕೆಯ ಗಣಕಗಳಲ್ಲಿ

ಒಬ್ಬರೇ ಬಳಸುವ ಗಣಕಕ್ಕಿಂತ ಹಲವರು ಬಳಸುವ ಗಣಕದಲ್ಲಿ ಈ ನಿರ್ಬಂಧಕ್ಕೆ ಹೆಚ್ಚು ಅರ್ಥವಿದೆ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಬಳಕೆಯಲ್ಲಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಅದರಲ್ಲಿ ಸೇರಿವೆ. ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಕನ್ನಡವನ್ನೂ ಒಳಗೊಂಡಿದೆ. ಕರ್ನಲ್ ಒಂದೇ ಆದುದರಿಂದ ಮೇಲಿನ ತಿದ್ದುಪಡಿಗಳ ಫಲ ಇವುಗಳಿಗೂ ದೊರೆಯುತ್ತದೆ. ಕಾಲಕಾಲಕ್ಕೆ ನವೀಕರಿಸಿರಬೇಕು, ಅಷ್ಟೇ.

ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯಂತಹ ಹೋಬಳಿ ಕೇಂದ್ರದ ಶಾಲೆಯಲ್ಲಾಗಲಿ ಸೇವಾ ಕೇಂದ್ರದಲ್ಲಾಗಲಿ ಒಂದು ಗಣಕದ ಮುಂದೆ ದಿನಕ್ಕೆ ಹಲವರು ಕುಳಿತುಕೊಳ್ಳುವುದು ಅಪರೂಪವಲ್ಲ. ಅವರೆಲ್ಲರೂ ಒಂದೇ ಖಾತೆಯಿಂದ ಪ್ರವೇಶಿಸಿದರೆ ಬೇಹು ತಂತ್ರಾಂಶಕ್ಕೆ ಕ್ಯಾಶ್‌ನ ಸುತ್ತುದಾರಿಯೇ ಬೇಕಿಲ್ಲ: ಹಿಂದಿನವರು ಉಳಿಸಿದ ಕಡತಗಳನ್ನೂ ಬ್ರೌಸರ್‌ನಲ್ಲಿ ಬಿಟ್ಟ ಗುಪ್ತಪದಗಳನ್ನೂ ನೇರವಾಗಿ ಓದಬಹುದು. ಆ ಖಾತೆಗೆ ನಿರ್ವಾಹಕನ ಅಧಿಕಾರವೂ ಇದ್ದರೆ ಸ್ಲ್ಯಾಬ್‌ಇನ್ಫೋ ಕೂಡ ತೆರೆದಿರುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಮಾನ್ಯ ಖಾತೆ ಇದ್ದಾಗ ಮಾತ್ರ ಇಲ್ಲಿ ವಿವರಿಸಿದ ನಿರ್ಬಂಧಗಳು ಕೆಲಸ ಮಾಡುತ್ತವೆ.