ಕೊಟ್ಟು ಕೊಳ್ಳುವ ವಾದ್ಯಗಳು

ಬಳಕೆ ತಪ್ಪಿದ ವಾದ್ಯವನ್ನು ಏನು ಮಾಡಬೇಕು? ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಏಳದೆ ಇರುವುದಿಲ್ಲ. ಅಟ್ಟದ ಮೇಲೆ ಗವಸು ತೊಟ್ಟು ಮಲಗಿರುವ ತಂಬೂರಿ, ಗೋಡೆಯ ಗೂಟಕ್ಕೆ ತೂಗುಬಿದ್ದ ಸಾರಂಗಿ, ಪಡಸಾಲೆಯ ಮೂಲೆಯಲ್ಲಿ ಧೂಳು ಹಿಡಿದ ಪೇಟಿ, ಇವುಗಳಲ್ಲಿ ಯಾವುದೊಂದೂ ಇಲ್ಲದ ಓಣಿ ಈ ಅವಳಿ ನಗರದಲ್ಲಿ ಕಡಮೆ. ಹಾಡುವವರು, ನುಡಿಸುವವರು ಹೋದರು. ಅವರ ವಾದ್ಯಗಳು ನಮ್ಮ ಪಾಲಿಗೆ ಉಳಿದುವು.

ನಮ್ಮ ಮನೆಯಲ್ಲಿಯೂ ಮಿರಜಿನ ಎರಡು ತಂಬೂರಿಗಳೂ ಒಂದು ಲೆಗ್ ಹಾರ್ಮೋನಿಯಮ್ಮೂ ಹೀಗೆಯೇ ಉಳಿದುಕೊಂಡಿವೆ. ತಂಬೂರಿಗಳು ನನ್ನ ಸೋದರತ್ತೆಯವು. ಪೇಟಿಯು ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರರಾಗಿದ್ದ ನನ್ನ ಅಜ್ಜನದು. ಈ ಮೂರನ್ನೂ ಕೊಟ್ಟರೆ ಬದಲಿಗೆ ಹೆಗಲಿಗೇರಿಸಿಕೊಂಡು ಒಯ್ಯಬಹುದಾದ ಸಿಂಥೆಸೈಜರ್ ಒಂದನ್ನು ಕೊಡುವುದಾಗಿ ವ್ಯಾಪಾರಿಯೊಬ್ಬರು ಮುಂದೆ ಬಂದರು. "ಅಜ್ಜಾ, ಸುಮ್ಮನ ಮೂಲ್ಯಾಗ ಕುಂತಾವು. ಕೊಟ್ಟಬಿಡೂಣು" ಎಂಬುದು ಮೊಮ್ಮಗನ ವಾದ. ಅವನ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ನುಡಿಯದ ವಾದ್ಯಕ್ಕಿಂತ ನುಡಿಯುವ ವಾದ್ಯ ಮೇಲಲ್ಲವೆ? ಆದರೆ ಇಂತಹ ವಿನಿಮಯ ನಮ್ಮ ಸಂಗೀತಕ್ಕೆ ಹೊಸದಲ್ಲ. ಹಿಂದೆ ಅದು ನಡೆದಾಗ ಏನನ್ನು ಕೊಟ್ಟೆವು, ಏನನ್ನು ಕೊಂಡೆವು ಎಂಬುದನ್ನು ಲೆಕ್ಕ ಹಾಕಿ ನೋಡಿದ ಮೇಲೆ ಉತ್ತರ ಹೇಳುವುದು ಲೇಸೆಂದು ನನಗೆ ತೋರಿತು.

ಇಂದು ನಾವು ಹಳತೆಂದು ಕರೆಯುವ ಪೇಟಿ ಒಂದು ಕಾಲಕ್ಕೆ ಹೊಸಬರಲ್ಲಿ ಹೊಸಬ. 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂದ್ರ್ ದೆಬೆಯ್ನ್ ಎಂಬಾತ ಹಾರ್ಮೋನಿಯಮ್ಮನ್ನು ರೂಪಿಸಿ ಹಕ್ಕುಪತ್ರ ಪಡೆದನು. ಕುರ್ಚಿಯ ಮೇಲೆ ಕುಳಿತು, ಎರಡೂ ಕಾಲುಗಳಿಂದ ತಿದಿಯನ್ನೊತ್ತುತ್ತ, ಎರಡೂ ಕೈಗಳಿಂದ ನುಡಿಸುವ ವಾದ್ಯ ಅದು. ಪಾದ್ರಿಗಳೊಡನೆ, ಅಧಿಕಾರಿಗಳೊಡನೆ ಅದು ಭಾರತಕ್ಕೆ ಬಂದಿತು. 1875ರಲ್ಲಿ ಕಲಕತ್ತೆಯಲ್ಲಿ ಅಂಗಡಿ ತೆರೆದ ದ್ವಾರಕಾನಾಥ ಘೋಷರು ಮುಂದಿನ ದಶಕದಲ್ಲಿ ಅದರ ಕಾಲುಗಳನ್ನು ಕಳಚಿ, ತಿದಿಯನ್ನು ಬೆನ್ನಿಗೆ ಕೂಡಿಸಿ, ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತವನು ಒಂದು ಕೈಯಿಂದ ಗಾಳಿಯೊತ್ತಿ ಇನ್ನೊಂದರಿಂದ ನುಡಿಸುವಂತೆ ಮಾಡಿದರು. ಐರೋಪ್ಯರ ಸಂಗೀತದಲ್ಲಿ ಸ್ವರಮೇಳಕ್ಕೆ ಎರಡು ಕೈ ಬೇಕು. ನಮ್ಮ ರಾಗಕ್ಕೆ ಒಂದೇ ಸಾಕು. ಹೀಗೆ ವಾದ್ಯ ಹಗುರವಾಯಿತು, ಅಗ್ಗವಾಯಿತು, ಊರಿಂದೂರಿಗೆ ಹೊರಟಿತು. ಆ ಕಾಲದ ಸಿಂಥೆಸೈಜರ್ ಅದೇ ಎಂದರೆ ಹೆಚ್ಚಿನ ಮಾತಾಗದು.

ನಮ್ಮ ಭಾಗಕ್ಕೆ ಅದನ್ನು ಹೊತ್ತು ತಂದವರಲ್ಲಿ ನಾಟಕದವರೇ ಮುಖ್ಯರು. ಮರಾಠಿ ಸಂಗೀತ ನಾಟಕಗಳ ಪ್ರಭಾವ ಧಾರವಾಡ ಸೀಮೆಯ ಮೇಲೆ ಬಲವಾಗಿದ್ದ ದಿನಗಳವು. ಗರುಡ ಸದಾಶಿವರಾಯರು, ಶಿರಹಟ್ಟಿಯ ವೆಂಕೋಬರಾಯರು, ವಾಮನರಾವ್ ಮಾಸ್ತರರು ಮೊದಲಾದವರ ಕನ್ನಡ ಕಂಪನಿಗಳು ಪರದೆ, ಸೀನು, ಪೆಟ್ಟಿಗೆಗಳೊಡನೆ ರೈಲಿನಲ್ಲಿಯೂ ಚಕ್ಕಡಿಯಲ್ಲಿಯೂ ತಿರುಗುತ್ತಿದ್ದುವು. ಧ್ವನಿವರ್ಧಕವಿಲ್ಲದ ತಗಡಿನ ಥೇಟರಿನಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಶ್ರುತಿ ಕೇಳಿಸಬೇಕು. ರಾತ್ರಿಯಿಡೀ ನುಡಿಸಿದರೂ ಅದು ಇಳಿಯಬಾರದು. ಈ ಕೆಲಸಕ್ಕೆ ಕಾಲಿನ ಪೇಟಿಯಂತಹ ವಾದ್ಯ ಬೇರೊಂದಿರಲಿಲ್ಲ. ಎಳೆಯ ವಯಸ್ಸಿನ ಮಲ್ಲಿಕಾರ್ಜುನ ಮನಸೂರರು ವಾಮನರಾವ್ ಮಾಸ್ತರರ ಕಂಪನಿಯ ರಂಗದ ಮೇಲೆ ಹಾಡಿ ಬೆಳಕಿಗೆ ಬಂದವರೆಂಬುದನ್ನು ಇಲ್ಲಿ ನೆನೆಯಬಹುದು. ನಮ್ಮ ಸೀಮೆಯ ಗಾಯನಕ್ಕೂ ಪೇಟಿಗೂ ನಂಟು ಬೆಳೆದುದು ಇಂತಹ ರಂಗದ ಮೇಲೆ.

ಪೇಟಿ ಬಂದು ಕುಳಿತ ಜಾಗ ಬರಿದಾಗಿರಲಿಲ್ಲ. ಅಲ್ಲಿ ಸಾರಂಗಿಯಿತ್ತು. ನರದ ಮೂರು ತಂತಿ, ಅವುಗಳ ಕೆಳಗೆ ಮೂವತ್ತಕ್ಕೂ ಮಿಕ್ಕ ತರಬು ತಂತಿ. ಬೆರಳಿನ ಉಗುರಿನ ಬುಡವನ್ನು ತಂತಿಗೊತ್ತಿ ಜಾರಿಸಿ ನುಡಿಸಬೇಕು. ಮನುಷ್ಯನ ಕಂಠಕ್ಕೆ ಅಷ್ಟು ಸಮೀಪವಾದ ವಾದ್ಯ ಇನ್ನೊಂದಿಲ್ಲವೆಂದು ಬಲ್ಲವರ ಮತ. ಆದರೆ ಅದನ್ನು ಕಲಿಯಲು ವರ್ಷಗಳು ಬೇಕು, ಪ್ರತಿ ಬೈಠಕ್ಕಿನಲ್ಲಿ ಶ್ರುತಿಗೂಡಿಸಲು ಹೊತ್ತು ಬೇಕು. ಪೇಟಿಗೆ ಇದಾವುದರ ತೊಡಕೂ ಇಲ್ಲ. ಇದರ ಜೊತೆಗೆ ಇನ್ನೊಂದು ಕಾರಣವೂ ಸೇರಿತು. ಸಾರಂಗಿಯು ವೇಶ್ಯಾವಾಟಿಕೆಯ ವಾದ್ಯವೆಂಬ ಹೀನ ಭಾವನೆ ಆಗಿನ ಸುಧಾರಕ ಸಮಾಜದಲ್ಲಿತ್ತು. ಪೇಟಿಗೆ ಅಂತಹ ಹಿನ್ನೆಲೆಯಿರಲಿಲ್ಲವಾಗಿ ಅದು ಗೃಹಸ್ಥರ ಮನೆಯನ್ನೂ ಸಂಗೀತ ಶಾಲೆಯನ್ನೂ ನಿರಾತಂಕವಾಗಿ ಹೊಕ್ಕಿತು. ಈ ವಿನಿಮಯದಲ್ಲಿ ಗವಯಿಗೆ ಅನುಕೂಲವಾಯಿತು, ಕಲಿಯುವವರಿಗೆ ಅನುಕೂಲವಾಯಿತು. ಆದರೆ ತಲೆತಲಾಂತರದಿಂದ ಸಾರಂಗಿಯನ್ನೇ ನಂಬಿದ್ದ ಮನೆತನಗಳನ್ನು ಯಾರೂ ಕೇಳಲಿಲ್ಲ. ಅವರ ಮಕ್ಕಳಲ್ಲಿ ಕೆಲವರು ಗಾಯನಕ್ಕೆ ತಿರುಗಿದರು. ಹಲವರು ಬೇರೆ ಕಸುಬು ಹಿಡಿದರು. ವಾದ್ಯದ ವಿನಿಮಯದಲ್ಲಿ ಕೊಡುವವನು, ಕೊಳ್ಳುವವನು ಇಬ್ಬರೇ ಇರುವುದಿಲ್ಲ, ಮೂರನೆಯವನೊಬ್ಬನಿರುತ್ತಾನೆ ಎಂಬುದು ಈ ಚರಿತ್ರೆಯ ಮೊದಲ ಪಾಠ.

ಎರಡನೆಯ ಪಾಠ ಶ್ರುತಿಗೆ ಸಂಬಂಧಿಸಿದ್ದು. ಪೇಟಿಯಲ್ಲಿ ಸಪ್ತಕವನ್ನು 12 ಸಮಭಾಗಗಳಾಗಿ ಒಡೆದಿರುತ್ತದೆ. ಒಂದೊಂದು ಭಾಗವನ್ನು 100 ಅಂಶವೆಂದು ಎಣಿಸಿದರೆ, ಪೇಟಿಯ ಶುದ್ಧ ಗಾಂಧಾರ ಷಡ್ಜದಿಂದ 400 ಅಂಶ ದೂರದಲ್ಲಿದೆ. ನಿಸರ್ಗಸಿದ್ಧವಾದ ಗಾಂಧಾರವಿರುವುದು ಸುಮಾರು 386 ಅಂಶದಲ್ಲಿ. ಈ 14 ಅಂಶಗಳ ಅಂತರ ಕಾಗದದ ಮೇಲೆ ಅಲ್ಪ, ಕಿವಿಗೆ ಅಲ್ಪವಲ್ಲ. ಮೇಲಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಪೇಟಿಗೆ ಅಸಾಧ್ಯ. ಈ ಕೊರತೆಯನ್ನು ತುಂಬಲು ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೂ 22 ಶ್ರುತಿಗಳ ಹಾರ್ಮೋನಿಯಮ್ಮೊಂದನ್ನು ಯೋಜಿಸಿ, 1911ರ ಸುಮಾರಿಗೆ ಲಂಡನ್ನಿನಲ್ಲಿ ಮಾಡಿಸಿದರು. ದೇವಲರ ಶ್ರುತಿಶೋಧನೆಗೆ ಕಂಠದಾನ ಮಾಡಿದವರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು. ಆದರೆ ಆ ವಾದ್ಯ ಬಳಕೆಗೆ ಬರಲಿಲ್ಲ. ಪೇಟಿಯನ್ನು ಜನ ಒಪ್ಪಿಕೊಂಡದ್ದು ಅದು ಸುಲಭವೆಂಬ ಕಾರಣಕ್ಕೆ. ಸುಲಭತೆಯನ್ನು ಕಳೆದುಕೊಂಡು ಶುದ್ಧವಾದ ಪೇಟಿ ಯಾರಿಗೂ ಬೇಕಾಗಲಿಲ್ಲ.

ಮುಂದೆ ಈ ವಿವಾದ ಆಕಾಶವಾಣಿಯ ಬಾಗಿಲಿಗೆ ಹೋಯಿತು. ಲಯನೆಲ್ ಫೀಲ್ಡನ್ ಮುಖ್ಯಾಧಿಕಾರಿಯಾಗಿದ್ದ ಕಾಲದಲ್ಲಿ, 1940ರ ಮಾರ್ಚಿ 1ರಿಂದ, ಬಾನುಲಿಯಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ರವೀಂದ್ರನಾಥ ಠಾಕೂರರೂ ಪೇಟಿಯ ವಿರೋಧಿಗಳೇ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗಲೂ ಈ ನಿಷೇಧ ಜಾರಿಯಲ್ಲಿತ್ತು. ಊರ ತುಂಬ ಪೇಟಿ, ಊರ ನಿಲಯದೊಳಗೆ ಮಾತ್ರ ಪೇಟಿಯಿಲ್ಲ ಎಂಬ ವಿಚಿತ್ರ ಸ್ಥಿತಿ 1971ರವರೆಗೆ ನಡೆಯಿತು. ಆ ವರ್ಷ ನಿಯಮ ಸಡಿಲವಾಗಿ, ಮೊದಲು ಮೇಲಿನ ಶ್ರೇಣಿಯ ಕಲಾವಿದರಿಗೆ ಪೇಟಿಯ ಸಾಥಿ ಪಡೆಯಲು ಅವಕಾಶವಾಯಿತು.

ಮೂರು ದಶಕಗಳ ನಿಷೇಧದಿಂದ ಪೇಟಿ ಸಾಯಲಿಲ್ಲ. ಭಜನೆಯಲ್ಲಿ, ಕೀರ್ತನೆಯಲ್ಲಿ, ನಾಟಕದಲ್ಲಿ, ಖಾಸಗಿ ಬೈಠಕ್ಕುಗಳಲ್ಲಿ ಅದು ಬೆಳೆಯುತ್ತಲೇ ಹೋಯಿತು. ಬೆಳಗಾವಿಯಲ್ಲಿ ನೆಲೆಸಿದ್ದ ಪಂಡಿತ ರಾಮಭಾವು ಬಿಜಾಪುರೆ (1917-2010), ಧಾರವಾಡದ ವಸಂತ ಕನಕಾಪುರ ಅವರಂತಹವರು, ಪೇಟಿಯಲ್ಲಿಲ್ಲದ ಮೀಂಡನ್ನು ಕೇಳುಗನ ಮನಸ್ಸೇ ತುಂಬಿಕೊಳ್ಳುವಂತೆ ನುಡಿಸಬಲ್ಲವರಾದರು. ಗಾಯಕರ ನುಡಿಗಟ್ಟನ್ನೇ ನೋಡಿರಿ. ನಿಮ್ಮ ಶ್ರುತಿ ಯಾವುದೆಂದು ಕೇಳಿದರೆ ಕರಿ ಒಂದು, ಬಿಳಿ ನಾಲ್ಕು ಎನ್ನುತ್ತಾರೆ. ಅದು ಪೇಟಿಯ ಮನೆಗಳ ಲೆಕ್ಕ. ಪೇಟಿಯನ್ನು ಒಲ್ಲದವನೂ ತನ್ನ ಕಂಠವನ್ನು ಪೇಟಿಯ ಭಾಷೆಯಲ್ಲಿಯೇ ಹೇಳಬೇಕಾಯಿತು. ಬದಲಿಗೆ ಬಂದ ವಾದ್ಯವನ್ನು ಹೀಗೆ ಕಲಾವಿದರು ದುಡಿದು ತಮ್ಮದನ್ನಾಗಿ ಮಾಡಿಕೊಳ್ಳಬಲ್ಲರು. ಇದು ಮೂರನೆಯ ಪಾಠ. ಮೊಮ್ಮಗನ ಪಕ್ಷಕ್ಕೆ ಇದು ಬಲ ಕೊಡುತ್ತದೆ.

ಇನ್ನು ತಂಬೂರಿಯ ಮಾತು. ಮಿರಜಿನಲ್ಲಿ ಆಯುಧಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೆಯ ಶತಮಾನದ ನಡುವಿನಲ್ಲಿ, ಫರೀದ್ ಸಾಹೇಬರ ಕಾಲಕ್ಕೆ, ತಂತಿವಾದ್ಯಗಳ ಕಸುಬಿಗೆ ತಿರುಗಿದುವು. ಪಂಢರಪುರದ ಕಡೆಯ ದಪ್ಪ ಬುರುಡೆಗಳನ್ನು ತಂದು ಅವರು ಕಟ್ಟಿದ ತಂಬೂರಿಗಳು ನಮ್ಮ ಸೀಮೆಯ ಗವಯಿಗಳ ಬೆನ್ನಿಗಿದ್ದುವು. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಬ್ದುಲ್ ಕರೀಂ ಖಾನರು ನೆಲೆಸಿದ್ದುದೂ ಅದೇ ಮಿರಜಿನಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು. ಈ ಪರಂಪರೆಗೆ ಸ್ವರವೇ ದೇವರು, ತಂಬೂರಿಯೇ ಗರ್ಭಗುಡಿ. 1937ರ ಅಕ್ಟೋಬರದಲ್ಲಿ ಪಾಂಡಿಚೇರಿಗೆ ಹೊರಟಿದ್ದ ಖಾನರು ದಾರಿಯಲ್ಲಿ ಅಸ್ವಸ್ಥರಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಕೊನೆಯ ಗಳಿಗೆ ಸಮೀಪಿಸಿತೆಂದು ತಿಳಿದು, ತಂಬೂರಿಯನ್ನು ಶ್ರುತಿ ಮಾಡಿಸಿ ಹಾಡುತ್ತ ಪ್ರಾಣ ಬಿಟ್ಟರೆಂದು ಸಂಗೀತಗಾರರು ಹೇಳುತ್ತಾರೆ.

ತಂಬೂರಿಯಲ್ಲಿ ಕಲಿಯುವುದೇನಿದೆ, ನಾಲ್ಕು ತಂತಿಯನ್ನು ಮೀಟುವುದಷ್ಟೆ ಎಂದು ಹಲವರೆಣಿಸುತ್ತಾರೆ. ಕಲಿಕೆಯಿರುವುದು ಮೀಟುವ ಮೊದಲು. ಬಿರಡೆ ತಿರುವಿ, ಮಣಿ ಸರಿಸಿ, ಕುದುರೆಯ ಮೇಲೆ ದಾರದ ಎಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡಿ ಜವಾರಿ ತೆರೆಯಬೇಕು. ಪಂಚಮವೂ ಷಡ್ಜಗಳೂ ಸರಿಯಾಗಿ ಕೂಡಿದಾಗ, ಯಾರೂ ಮೀಟದ ಗಾಂಧಾರವೊಂದು ಖರ್ಜದ ತಂತಿಯಿಂದ ತಾನಾಗಿ ಏಳುತ್ತದೆ. ಪೇಟಿಯಲ್ಲಿಲ್ಲದ ಆ 386ರ ಗಾಂಧಾರವೇ ಅದು. ಅದನ್ನು ಕೇಳಲು ಕಲಿತ ಕಿವಿ ಬೇಕು. ಅಂತಹ ಕಿವಿಯನ್ನು ಮಾಡುವುದೇ ತಂಬೂರಿಯ ಕೆಲಸ.

1970ರ ದಶಕದ ಕೊನೆಗೆ ಬೆಂಗಳೂರಿನ ಜಿ. ರಾಜನಾರಾಯಣರು ಇಲೆಕ್ಟ್ರಾನಿಕ್ ತಂಬೂರಿಯನ್ನು ಸಿದ್ಧಪಡಿಸಿದರು. ಬಸ್ಸಿನಲ್ಲಿ ಬುರುಡೆ ಒಡೆದೀತೆಂಬ ಭಯದಲ್ಲಿಯೇ ತಿರುಗಿದ ಗಾಯಕರಿಗೆ ಅದರ ಬೆಲೆ ಗೊತ್ತು. ಅತ್ತ ಅಮೆರಿಕದಲ್ಲಿ 1964ರಲ್ಲಿ ರಾಬರ್ಟ್ ಮೋಗ್ ತನ್ನ ಸಿಂಥೆಸೈಜರನ್ನು ಜನರ ಮುಂದಿಟ್ಟನು. ಕೋಣೆ ತುಂಬುತ್ತಿದ್ದ ಯಂತ್ರ 1970ರ ವೇಳೆಗೆ ಕೈಯಲ್ಲಿ ಒಯ್ಯುವಷ್ಟು ಚಿಕ್ಕದಾಯಿತು. ಮುಂಬಯಿಯ ಚಿತ್ರರಂಗದಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣಜಿತ್ ಸಿಂಗ್ 1982ರಲ್ಲಿ ಜಪಾನಿನ ಸಿಂಥೆಸೈಜರುಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಕೆ ತಂದರು. ಅದರ ಗುಣವನ್ನು ಲೋಕ ಗುರುತಿಸಿದುದು 2010ರಲ್ಲಿ ಅದು ಮತ್ತೆ ಹೊರಬಂದ ಮೇಲೆ. ನಮ್ಮ ಹಳ್ಳಿಗಳ ನಾಟಕಗಳಲ್ಲಿ ಪೇಟಿಯ ಜಾಗಕ್ಕೆ 'ಕ್ಯಾಸಿಯೋ' ಬಂದಿದೆ. ಯಾವ ಕಂಪನಿಯ ಯಂತ್ರವಾದರೂ ಅದಕ್ಕೆ ಅದೇ ಹೆಸರು. ಇಲ್ಲೊಂದು ಸೋಜಿಗವುಂಟು. ಇಂದಿನ ಒಳ್ಳೆಯ ಸಿಂಥೆಸೈಜರಿನಲ್ಲಿ ಒಂದೊಂದು ಸ್ವರವನ್ನೂ ಬೇಕಾದಷ್ಟು ಏರಿಸಿ ಇಳಿಸಬಹುದು, ಮೀಂಡನ್ನೂ ತೆಗೆಯಬಹುದು. ದೇವಲರು ಲಂಡನ್ನಿನಿಂದ ಮಾಡಿಸಿ ತಂದೂ ಸಾಧಿಸಲಾಗದ್ದು ಅದರೊಳಗಿದೆ. ಆದರೆ ಸ್ವರವನ್ನು ಎಲ್ಲಿಗೆ ಇಳಿಸಬೇಕೆಂದು ಹೇಳುವವರು ಯಾರು? ಯಂತ್ರಕ್ಕೆ ಅದು ತಿಳಿಯದು. ಕಿವಿ ಹೇಳಬೇಕು.

ಈ ಲೆಕ್ಕದ ಮೇಲೆ ನಮ್ಮ ಮನೆಯ ತೀರ್ಮಾನವಾಯಿತು. ಅಜ್ಜನ ಪೇಟಿಯನ್ನು ಕೊಡುವುದು. ಅದು ಮಾಡುತ್ತಿದ್ದ ಕೆಲಸವನ್ನು ಸಿಂಥೆಸೈಜರ್ ನಿಜವಾಗಿ ಮಾಡಬಲ್ಲದು. ಹಳೆಯ ಪೇಟಿಗಳ ರೀಡುಗಳನ್ನು ಕುಶಲಿಗಳು ಬಿಚ್ಚಿ ಹೊಸ ಪೆಟ್ಟಿಗೆಗೆ ಕೂಡಿಸುವುದುಂಟು, ಆದ್ದರಿಂದ ಅಜ್ಜನ ಸ್ವರಗಳು ಇನ್ನೊಬ್ಬರ ಬೆರಳಿನಲ್ಲಿ ನುಡಿದಾವು. ತಂಬೂರಿಗಳನ್ನು ಕೊಡುವುದಿಲ್ಲ. ಅವುಗಳ ನಾದವನ್ನು ಯಂತ್ರ ಕೊಟ್ಟೀತು, ಅವು ಕಲಿಸುವುದನ್ನು ಕೊಡಲಾರದು. ಕಡಮೆ ಬೀಳುವ ಹಣವನ್ನು ನಾವೇ ತುಂಬುತ್ತೇವೆ. ಅದಕ್ಕಿಂತ ಮೊದಲು ಮಿರಜಿಗೆ ಹೋಗಿ ಎರಡಕ್ಕೂ ಹೊಸ ತಂತಿ ಹಾಕಿಸಿ, ಜವಾರಿ ಮಾಡಿಸಿಕೊಂಡು ಬರಬೇಕು. ಸಾರಂಗಿಯ ಕಾಲದಲ್ಲಿ ಯಾರೂ ಕೇಳದೆ ಹೋದ ಆ ಮೂರನೆಯವನಿಗೆ ಇಷ್ಟಾದರೂ ಸಲ್ಲಬೇಕು. ಮೊಮ್ಮಗನಿಗೆ ಹಾಕಿದ ಕರಾರು ಒಂದೇ: ದಿನಕ್ಕೊಮ್ಮೆ ಒಂದು ತಂಬೂರಿಯನ್ನು ಅವನೇ ಶ್ರುತಿ ಮಾಡಬೇಕು. ಆಮೇಲೆ ಯಂತ್ರದ ಮೇಲೆ ಏನು ನುಡಿಸಿದರೂ ನನ್ನ ಅಡ್ಡಿಯಿಲ್ಲ.

ವಾದ್ಯಗಳು ಬದಲಾಗುತ್ತಲೇ ಬಂದಿವೆ, ಮುಂದೆಯೂ ಬದಲಾಗುತ್ತವೆ. ಹೊಸದನ್ನು ಬಾಗಿಲಲ್ಲಿ ತಡೆದು ಯಾರೂ ಗೆದ್ದಿಲ್ಲವೆಂಬುದಕ್ಕೆ ಆಕಾಶವಾಣಿಯ ಆ ಮೂವತ್ತೊಂದು ವರ್ಷಗಳೇ ಸಾಕ್ಷಿ. ಹಳೆಯದನ್ನು ಕೊಡುವಾಗ ಅದರೊಡನೆ ಮನೆಯಿಂದ ಹೊರಟುಹೋಗುವ ವಿದ್ಯೆ ಯಾವುದು, ಅದು ಬೇರೆಲ್ಲಿಯಾದರೂ ಸಿಕ್ಕೀತೆ ಎಂದು ವಿಚಾರಿಸಿಕೊಂಡರೆ ಸಾಕು. ಸಿಗುವಂತಿದ್ದರೆ ಸಂತೋಷದಿಂದ ಕೊಡಬಹುದು. ಇಲ್ಲದಿದ್ದರೆ ಮೂಲೆಯಲ್ಲಿ ಇನ್ನಷ್ಟು ದಿನ ಜಾಗ ಬಿಡುವುದು ಮೇಲು.